ಎರಡು ಮಾತಿಗೆ ಇಪ್ಪತ್ತಾರು ನಿಮಿಷ

ನನಗೀಗ ನಲವತ್ತೊಂಬತ್ತು. ದಾವಣಗೆರೆಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಟಿಸಿ, ಅಂಕಪಟ್ಟಿ, ರಸೀದಿ ಎಂದು ಕತ್ತು ಬಗ್ಗಿಸಿ ಬರೆದು, ಸಂಜೆ ನಿಟ್ಟುವಳ್ಳಿಯ ಮನೆಗೆ ಬಂದು ಮಹಡಿ ಮೆಟ್ಟಿಲು ಹತ್ತುವಾಗ ಮೊಣಕಾಲು ಕಟಕಟ ಅನ್ನುತ್ತದೆ. ಮೇಲಿನ ಸಣ್ಣ ಕೋಣೆಯಲ್ಲಿ ಎರಡು ಸ್ಪೀಕರ್, ಒಂದು ಹಳೆಯ ಲ್ಯಾಪ್‌ಟಾಪ್, ಗೋಡೆಗೆ ಒರಗಿಸಿದ ದಿಂಬು. ಅಲ್ಲಿ ಕೂತು ಹಾಡು ಕೇಳುವುದು ನನ್ನ ಚಟ. ಬೇರೆ ಚಟ ಇಲ್ಲ, ಮಾತಾಡುವುದೊಂದು ಬಿಟ್ಟು.

ಹಾಡು ಅಂದೆ. ನಾನು ಕೇಳುವುದರಲ್ಲಿ ಅರ್ಧಕ್ಕೆ ಪದವೇ ಇರುವುದಿಲ್ಲ. ಮಂಗಳೂರಿನ ಕಡೆಯ ಒಬ್ಬಾತ ಮೀನು ದೋಣಿಯ ಇಂಜಿನ್ ಶಬ್ದವನ್ನು ಎಳೆದೆಳೆದು ಮುಕ್ಕಾಲು ಗಂಟೆಯ ಸಂಗೀತ ಮಾಡಿದ್ದಾನೆ. ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೆಂಗಳೂರಿನ ಮೂವರ ತಂಡವೊಂದಿದೆ, ಅದರಲ್ಲಿ ಹಾಡುವವಳು ನಿದ್ದೆಗಣ್ಣಲ್ಲಿ ಮಾತಾಡಿದಂತೆ ಹಾಡುತ್ತಾಳೆ, ಹಿಂದೆ ಡ್ರಮ್ ಮಷಿನ್ ಹೊಲಿಗೆ ಯಂತ್ರದ ಹಾಗೆ ಹೊಡೆಯುತ್ತಿರುತ್ತದೆ. ಯಾವುದೋ ಚಳಿ ದೇಶದ ಒಬ್ಬಳು ಮುದುಕಿ ಇದ್ದಾಳೆ, ಎಪ್ಪತ್ತು ದಾಟಿದೆಯಂತೆ, ಒಂದು ಯಂತ್ರಕ್ಕೆ ಬರೀ ವೈರು ಚುಚ್ಚಿ ಚುಚ್ಚಿ ನಾದ ಹೊರಡಿಸುತ್ತಾಳೆ. ಇವರೆಲ್ಲ ನನಗೆ ನೆಂಟರಿಗಿಂತ ಹತ್ತಿರ. ನೆಂಟರಿಗೆ ಇದನ್ನು ಹೇಳುವ ಹಾಗಿಲ್ಲ.

ಒಂದು ಸಂಜೆ ಆ ಮುದುಕಿಯ ಸಂಗೀತ ಹಾಕಿಕೊಂಡು ಕಣ್ಣು ಮುಚ್ಚಿದ್ದೆ. ನನ್ನ ಹೆಂಡತಿ ಮೇಲೆ ಬಂದಳು.

"ಏನ್ರಿ ಇದು? ಫ್ರಿಜ್ ಕೆಟ್ಟೈತೇನೋ ಅನ್ಕಂಡು ಅಡಿಗೆಮನೀಗೆ ಹೋಗಿ ನೋಡ್ಕಂಡು ಬಂದೆ."

"ಇದು ಸಂಗೀತ ಕಣೇ."

"ಸಂಗೀತನಾ? ಹಂಗಾರೆ ನಮ್ಮ ಫ್ರಿಜ್ಜಿಗೂ ಒಂದು ಶಾಲು ಹೊದಿಸ್ರಿ."

ಶಾಲಿನ ಮಾತು ಅವಳು ಸುಮ್ಮನೆ ಆಡಲಿಲ್ಲ. ನಮ್ಮೂರಿನಲ್ಲಿ ಶಾಲು ಹೊದಿಸದೆ ಯಾವ ಸಂಗೀತವೂ ಮುಗಿಯುವುದಿಲ್ಲ. ಮುಗಿಯುವುದು ಹಾಗಿರಲಿ, ಶುರುವೇ ಆಗುವುದಿಲ್ಲ. ಬೆಂಗಳೂರಿನವರು ಗಿಗ್ ಅನ್ನುತ್ತಾರಲ್ಲ, ಬಂದರು, ವೈರು ಸಿಕ್ಕಿಸಿದರು, ನುಡಿಸಿದರು, ಹೋದರು, ಅಂಥದ್ದು ಇಲ್ಲಿ ನಡೆಯುವುದಿಲ್ಲ. ಇಲ್ಲಿ ನಡೆಯುವುದು ಕಾರ್ಯಕ್ರಮ. ದೀಪ ಹಚ್ಚಬೇಕು, ಪ್ರಾರ್ಥನೆ ಆಗಬೇಕು, ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ನುಡಿ, ಶಾಲು, ಹಣ್ಣಿನ ಬುಟ್ಟಿ. ಇಷ್ಟೆಲ್ಲ ಆದ ಮೇಲೆ, ಬಂದವರು ಎದ್ದು ಹೋಗದೆ ಉಳಿದಿದ್ದರೆ, ಸಂಗೀತ. ಮಾಯಕೊಂಡದ ಮೂವರು ಅಣ್ಣತಮ್ಮಂದಿರು ಮದುವೆ ಸೀಸನ್ನಿನಲ್ಲಿ ಬ್ಯಾಂಡ್ ಬಾರಿಸುತ್ತಾರೆ, ಉಳಿದ ದಿನಗಳಲ್ಲಿ ತಾವೇ ಕಟ್ಟಿದ ಪದಗಳನ್ನು ಗಿಟಾರ್ ಹಿಡಿದು ಹಾಡುತ್ತಾರೆ. ಅವರನ್ನು ಒಂದು ಫರ್ನಿಚರ್ ಅಂಗಡಿಯ ಮಹಡಿಯಲ್ಲಿ ಕೇಳಿದ್ದೆ. ಹದಿನಾಲ್ಕು ಜನ, ಮಾರಾಟಕ್ಕಿಟ್ಟ ಸೋಫಾಗಳ ಮೇಲೆ ಕೂತಿದ್ದೆವು, ಹೊರಳಿದಾಗೆಲ್ಲ ಪ್ಲಾಸ್ಟಿಕ್ ಚರಚರ ಅನ್ನುತ್ತಿತ್ತು. ಅಂಗಡಿಯವರು ಅಧ್ಯಕ್ಷ ಭಾಷಣದಲ್ಲಿ ತೇಗದ ಮರದ ಗುಣ ಹೇಳಿದರು. ಹಾಡಿದ್ದು ನಾಲ್ಕೇ ಹಾಡು.

ಇಂಥ ಭಾಷಣಗಾರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿನಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ ಅವರನ್ನು ಬೈಯುತ್ತಾ ತಿರುಗುತ್ತಿದ್ದೆ. ಅದನ್ನು ಇಲ್ಲಿ ಬರೆದಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದೆಲ್ಲ ನನ್ನದೇ ಘನಕಾರ್ಯ.

ಆ ಜೋಡಿಯನ್ನು ನಾನು ಮೊದಲು ಕೇಳಿದ್ದು ಒಂದು ಕೋಚಿಂಗ್ ಕ್ಲಾಸಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ. ಒಬ್ಬಾಕೆ, ಒಬ್ಬಾತ, ಇಬ್ಬರೂ ಹರಿಹರದವರು. ಆಕೆ ನಂದಿಗುಡಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾರೆ, ವ್ಯಾನಿಟಿ ಬ್ಯಾಗಿನಲ್ಲಿ ಅಂಗೈಯಷ್ಟು ದೊಡ್ಡ ರೆಕಾರ್ಡರ್ ಇರುತ್ತದೆ. ಬಸ್ಸಿನ ಗೇರು, ಭತ್ತದ ಗದ್ದೆಗೆ ನೀರು ಬಿಡುವ ಸದ್ದು, ಮಕ್ಕಳು ಮಗ್ಗಿ ಹೇಳುವುದು ಎಲ್ಲವನ್ನೂ ತುಂಬಿಕೊಂಡು ಬಂದು, ಮನೆಯಲ್ಲಿ ಕತ್ತರಿಸಿ ಜೋಡಿಸಿ ಸಂಗೀತ ಮಾಡುತ್ತಾರೆ. ಆತ ಮೈಕ್ ಸೆಟ್ ಸಾಬರು. ಮದುವೆಗೆ, ಉರುಸಿಗೆ, ಗಣಪತಿಗೆ ಎಲ್ಲಕ್ಕೂ ಅವರದೇ ಬಾಕ್ಸು. ಬಿಡುವಿದ್ದಾಗ ರಬ್ಬರ್ ಪ್ಯಾಡಿನ ಮೇಲೆ ಬೆರಳಲ್ಲಿ ತಾಳ ಹೊಡೆಯುತ್ತಾ ಟೀಚರ್ ಜೊತೆ ಕೂಡುತ್ತಾರೆ. ಆವತ್ತು ಕೇಳುತ್ತಿದ್ದವರು ಒಂಬತ್ತು ಜನ. ನಂದಿಗುಡಿ ಬಸ್ಸು ಆ ಕೋಣೆಯೊಳಗೇ ಬಂದು ನಿಂತ ಹಾಗಾಯಿತು. ಮುಗಿದ ಮೇಲೆ ನಾನು ಎದ್ದು ಹೋಗಿ ಮಾತಾಡಿಸಿದೆ. ಮುಕ್ಕಾಲು ಗಂಟೆ ಮಾತಾಡಿಸಿದೆನಂತೆ. ಸಾಬರು ವೈರು ಸುತ್ತಿ, ಗಾಡಿಗೆ ಹೇರಿ, ಚಹಾ ಕುಡಿದು ಬಂದರೂ ನಾನು ಮಾತಾಡುತ್ತಲೇ ಇದ್ದೆನಂತೆ.

ಆಮೇಲೆ ಮೂರು ವರ್ಷ ಅವರು ಎಲ್ಲಿ ನುಡಿಸಿದರೂ ನಾನು ಹೋದೆ. ಅವರಿಗೆ ಹೆಚ್ಚು ಕರೆ ಬರುತ್ತಿರಲಿಲ್ಲ, ಹಾಗಾಗಿ ಕಷ್ಟವೇನೂ ಆಗಲಿಲ್ಲ.

ಒಂದು ದಿನ ಹರಿಹರದ ಬಸ್ ನಿಲ್ದಾಣದಲ್ಲಿ ಟೀಚರ್ ಸಿಕ್ಕರು. ಹೊಸದೊಂದು ಮಾಡುತ್ತಿದ್ದೇನೆ ಅಂದರು. ಬೆಂಚಿನ ಮೇಲೆ ಕೂತು, ಬಸ್ಸು ಎರಡು ಬಿಟ್ಟು, ಅದರ ಕಥೆ ಹೇಳಿದರು.

ಅವರ ತಂದೆ ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕಬ್ಬಿಣ ಬಡಿಯುವ ಹ್ಯಾಮರ್ ಪಕ್ಕ ಮೂವತ್ತು ವರ್ಷ ನಿಂತು ಕಿವಿ ಹೋಗಿದೆ. ಕಿವಿಗೆ ಹಾಕುವ ಮಷಿನ್ ತಂದುಕೊಟ್ಟರೆ ಬರೀ ಗುರಗುರ ಅನ್ನುತ್ತದೆ ಎಂದು ಡ್ರಾದಲ್ಲಿ ಇಟ್ಟುಬಿಟ್ಟಿದ್ದಾರೆ. ಮಗಳು ಹೇಳಬೇಕಾದ್ದನ್ನು ಶಾಲೆಯ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಾರೆ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಊರಿಗೆಲ್ಲ ಗಡಿಯಾರದಂತಿದ್ದ ಅದರ ಸೈರನ್ನೂ ನಿಂತುಹೋಯಿತು. ಆದರೆ ಮನೆಯಲ್ಲಿ ಒಂದು ಹಳೆಯ ಕ್ಯಾಸೆಟ್ ಸಿಕ್ಕಿತ್ತು. ಟೀಚರ್ ಎರಡು ವರ್ಷದ ಮಗುವಾಗಿದ್ದಾಗ ಯಾರೋ ಮನೆಯಲ್ಲಿ ರೆಕಾರ್ಡ್ ಮಾಡಿದ್ದು. ಅದರ ಕೊನೆಯಲ್ಲಿ ಅವರ ತಾಯಿ, ಅವರೀಗ ಇಲ್ಲ, "ತಿನ್ನವ್ವ, ಇನ್ನೊಂದೇ ತುತ್ತು" ಅನ್ನುತ್ತಾರೆ. ಹಿಂದಿನಿಂದ ಸೈರನ್ ಏಳುತ್ತದೆ. ಅದು ಪೂರ್ತಿ ಏಳುವುದರೊಳಗೆ ಟೇಪು ಮುಗಿಯುತ್ತದೆ.

"ಅದು ಊಟದ ಸೈರನ್ನೋ, ಕೆಲಸ ಬಿಡೋ ಸೈರನ್ನೋ ನನಗೆ ತಿಳೀವಲ್ದು ಸರ್" ಅಂದರು ಟೀಚರ್. "ಊಟದ್ದಾದ್ರೆ ಅಪ್ಪ ಅಲ್ಲೇ ಡಬ್ಬಿ ಬಿಚ್ಚೋರು, ಮನೀಗೆ ಬರ್ತಿರಲಿಲ್ಲ. ಬಿಡೋದಾದ್ರೆ ಹತ್ತು ನಿಮಿಷಕ್ಕೆ ಸೈಕಲ್ ಮ್ಯಾಲೆ ಬಂದುಬಿಡೋರು. ಅವ್ವ ನನಗೆ ಉಣಿಸ್ತಾ ಅಪ್ಪನ ದಾರಿ ಕಾಯ್ತಿದ್ಲೋ ಇಲ್ವೋ ಅಂತ ಗೊತ್ತಾಗ್ಬೇಕು ನನಗೆ. ಅಷ್ಟೇ."

"ಕಾರ್ಖಾನೆಯಲ್ಲಿದ್ದ ಬೇರೆಯವರನ್ನ ಕೇಳಬೌದಿತ್ತಲ್ಲ?"

"ಕೇಳ್ದೆ. ಒಬ್ಬೊಬ್ಬರು ಒಂದೊಂದು ಹೇಳಿದ್ರು. ಅಪ್ಪಗೇ ಅದು ಗೊತ್ತಿರೋದು. ಊಟದ್ದು ಒಮ್ಮೆಲೆ ಏಳ್ತಿತ್ತಂತೆ, ಬಿಡೋದು ಸಾವಕಾಶ ಏಳ್ತಿತ್ತಂತೆ. ಟೇಪಿನಾಗಿರೋ ಒಂದನ್ನೇ ಕೇಳಿದ್ರೆ ಅದು ಯಾವ್ದು ಅಂತ ನನಗೆ ತಿಳಿಯಂಗಿಲ್ಲ. ಅವ್ರಿಗೆ ಕೇಳಿಸಿದ್ರೆ ಹೇಳ್ತಾರೆ. ಆದ್ರೆ ಕೇಳಿಸ್ಬೇಕಲ್ಲ."

ಅದಕ್ಕೆ ಅವರು ಒಂದು ದಾರಿ ಹುಡುಕಿದ್ದರು. ಸೈರನ್ ಏಳುವ ವೇಗ ಬದಲಿಸದೆ, ಅದರ ಸ್ವರವನ್ನು ಮಾತ್ರ ತಳಕ್ಕೆ, ಕಿವಿಗಿಂತ ಎದೆಗೆ ಬಡಿಯುವಷ್ಟು ತಳಕ್ಕೆ ಇಳಿಸಿದ್ದರು. ಸಾಬರ ದೊಡ್ಡ ಬೇಸ್ ಬಾಕ್ಸಿನ ಮೇಲೆ ತಂದೆ ಅಂಗೈ ಇಟ್ಟರೆ ಅದು ಏಳುವುದು ಕೈಗೆ ತಿಳಿಯುತ್ತದೆ. ಇಪ್ಪತ್ತೆರಡು ನಿಮಿಷದ ಸಂಗೀತ. ಸೈರನ್ ಬರುವುದು ಹದಿನೆಂಟನೆಯ ನಿಮಿಷಕ್ಕೆ. ಮೊದಲೇ ಯಾಕೆ ಹಾಕಬಾರದು ಎಂದು ಕೇಳಿದೆ. "ಒಮ್ಮೆಲೆ ಕೊಟ್ರೆ ಕೈಗೆ ತಿಳಿಯೋದಿಲ್ಲ ಸರ್. ಮೊದಲು ಕೈ ಪಳಗ್ಬೇಕು. ಒಂದನೇ ಕ್ಲಾಸಿಗೆ ಅಕ್ಷರ ಕಲಿಸೋ ಹಂಗೆ" ಅಂದರು.

ಅವರ ಯೋಜನೆ ಬಹಳ ಸರಳವಾಗಿತ್ತು. ಹರಿಹರದಲ್ಲಿ ಸಾಬರ ಗೋಡೌನ್ ಇದೆ, ಬಾಕ್ಸುಗಳು ಅಲ್ಲೇ ಇರುತ್ತವೆ. ಒಂದು ಭಾನುವಾರ ತಂದೆಯನ್ನು ಕುರ್ಚಿಯಲ್ಲಿ ಕೂಡಿಸಿ ನುಡಿಸುವುದು, ಅಷ್ಟೇ.

ನಾನು ಬಿಡಬೇಕಲ್ಲ! "ಗೋಡೌನಾ? ಇಂಥಾದ್ದನ್ನ ಗೋಡೌನಿನಲ್ಲಿ ನುಡಿಸೋದಾ? ದಾವಣಗೆರೆ ಜನ ಕೇಳಬೇಡವಾ? ನಾನು ಹಾಲ್ ನೋಡ್ತೀನಿ, ನೀವು ಸುಮ್ನಿರಿ" ಅಂದೆ. ಟೀಚರ್ ಬ್ಯಾಡ ಸರ್ ಅಂದರು. ಎರಡನೇ ಸಲವೂ ಬ್ಯಾಡ ಅಂದರು. ಮೂರನೇ ಸಲಕ್ಕೆ ಅವರಿಗೆ ಸುಸ್ತಾಯಿತೋ ಏನೋ, ನೋಡ್ರಿ ನಿಮ್ಮಿಷ್ಟ ಅಂದರು. ಆಗ ಅದನ್ನು ಒಪ್ಪಿಗೆ ಅಂತಲೇ ತಿಳಿದುಕೊಂಡೆ.

ಕಲ್ಯಾಣ ಮಂಟಪವೊಂದರ ಕೆಳಗಿನ ಸಣ್ಣ ಹಾಲ್ ಸಿಕ್ಕಿತು, ಮಧ್ಯಾಹ್ನ ನಾಲ್ಕರಿಂದ ಏಳು. ಏಳಕ್ಕೆ ಅಲ್ಲೇ ಯಾರದೋ ನಿಶ್ಚಿತಾರ್ಥ, ಒಂದು ನಿಮಿಷವೂ ಆಚೀಚೆ ಆಗುವ ಹಾಗಿಲ್ಲ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಹಾಲಿನ ಮಾಲೀಕರು ತಾವೇ ಮುಖ್ಯ ಅತಿಥಿ ಆಗುವುದಾದರೆ ಸೈ ಅಂದರು. ನಾನು ಅವರ ಜೊತೆ ಜಗಳವನ್ನೇ ಆಡಿದೆ. ಭಾಷಣ ಬ್ಯಾಡ ಸ್ವಾಮಿ, ಇದು ಆ ಥರದ್ದಲ್ಲ ಅಂದೆ. ಕೊನೆಗೆ ಐದು ನಿಮಿಷ ಎಂದು ಒಪ್ಪಿಸಿ, ದಿಗ್ವಿಜಯ ಮಾಡಿದವನ ಹಾಗೆ ಮನೆಗೆ ಬಂದೆ.

ಆ ದಿನ ಸಾಬರು ಮಧ್ಯಾಹ್ನ ಎರಡಕ್ಕೇ ಬಂದು ಬಾಕ್ಸು ಇಳಿಸಿದರು. ಬೀರುವಿನಷ್ಟು ಎತ್ತರದ ನಾಲ್ಕು. ಟೀಚರ್ ತಂದೆಯನ್ನು ಹರಿಹರದಿಂದ ಆಟೋದಲ್ಲಿ ಕರೆತಂದರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ, ಕೈಗೆ ಗಡಿಯಾರ. ಮುಂದಿನ ಸಾಲಿನಲ್ಲಿ ಬಾಕ್ಸಿಗೆ ತಾಗಿದಂತೆ ಅವರ ಕುರ್ಚಿ. ಅವರು ಕೂತವರೇ ಬಾಕ್ಸಿನ ಮೇಲೆ ಅಂಗೈ ಇಟ್ಟುಕೊಂಡರು. ಇನ್ನೂ ಏನೂ ಶುರುವಾಗಿರಲಿಲ್ಲ. ನನ್ನ ಹೆಂಡತಿಯೂ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಜನ ಅರವತ್ತರ ಮೇಲೆ ಇದ್ದರು. ನನ್ನ ಬಾಯಿಮಾತಿಗೆ ಬಂದವರೇ ಎಲ್ಲ, ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ.

ಮುಖ್ಯ ಅತಿಥಿ ಐದು ಗಂಟೆಗೆ ಬಂದರು. ದೀಪ ಹಚ್ಚಿದರೆ ಫ್ಯಾನಿನ ಗಾಳಿಗೆ ಆರಿತು, ಫ್ಯಾನ್ ನಿಲ್ಲಿಸಿ ಮತ್ತೆ ಹಚ್ಚಿದೆವು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಐದು ನಿಮಿಷದ ಮಾಲೀಕರು ತಾವು ಹೈಸ್ಕೂಲಿನಲ್ಲಿ ಕೊಳಲು ಕಲಿಯಲು ಹೋಗಿ ಬಿಟ್ಟದ್ದರಿಂದ ಹಿಡಿದು ಅರ್ಧ ಗಂಟೆ ಮಾತಾಡಿದರು. ನಾನು ಹಲ್ಲು ಕಡಿಯುತ್ತಾ ಗಡಿಯಾರ ನೋಡುತ್ತಿದ್ದೆ. ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದಾಗ ಆರು ಗಂಟೆ ಏಳು ನಿಮಿಷ. ಆದರೂ ಸಾಕಷ್ಟು ಸಮಯವಿತ್ತು. ಇಪ್ಪತ್ತೆರಡು ನಿಮಿಷಕ್ಕೆ ಐವತ್ತಮೂರು ನಿಮಿಷ.

ಆಗ ನಿರೂಪಣೆಯವರು ಹೇಳಿದರು: "ಈಗ ಈ ಕಾರ್ಯಕ್ರಮದ ರೂವಾರಿಗಳು ಎರಡು ಮಾತು ಹೇಳಬೇಕು."

ಎರಡೇ ಮಾತನ್ನು ನಾನು ಬರೆದುಕೊಂಡು ಬಂದಿದ್ದೆ. ಜೇಬಿನಲ್ಲಿ ಮಡಿಸಿದ ಚೀಟಿ ಇತ್ತು. ಅದರಲ್ಲಿ ಇದ್ದದ್ದು, ಬಂದ ಎಲ್ಲರಿಗೂ ನಮಸ್ಕಾರ, ಇನ್ನು ಕೇಳೋಣ, ಇಷ್ಟೇ. ಮೈಕ್ ಕೈಗೆ ಬಂತು. ಸಾಬರ ಬಾಕ್ಸಿನಲ್ಲಿ ನನ್ನ ದನಿ ನನಗೇ ಬಂದು ಬಡಿಯಿತು. ಅಷ್ಟು ದುಂಡಗಿನ ದನಿ ನನಗಿದೆ ಎಂದು ಗೊತ್ತೇ ಇರಲಿಲ್ಲ. ಚೀಟಿ ಜೇಬಿನಲ್ಲೇ ಉಳಿಯಿತು.

ಮಂಗಳೂರಿನ ದೋಣಿಯವನ ಬಗ್ಗೆ ಹೇಳಿದೆ. ಚಳಿ ದೇಶದ ಮುದುಕಿಯ ಬಗ್ಗೆ ಹೇಳಿದೆ. ಪದವಿಲ್ಲದ ಸಂಗೀತ ಏಕೆ ದೊಡ್ಡದು ಎಂದು ಪದಗಳಲ್ಲಿ, ಒಂದಲ್ಲ ಎರಡಲ್ಲ, ಹೇಳಿಯೇ ಹೇಳಿದೆ. ಆಮೇಲೆ ಕಾರ್ಖಾನೆ, ಸೈರನ್, ಕ್ಯಾಸೆಟ್. ಟೀಚರ್ ಬಸ್ ನಿಲ್ದಾಣದ ಬೆಂಚಿನ ಮೇಲೆ ನನಗೊಬ್ಬನಿಗೆ ಹೇಳಿದ್ದನ್ನು ಅರವತ್ತು ಜನರಿಗೆ ಹೇಳಿದೆ. ಆ ತಾಯಿಯ ತುತ್ತಿನ ಮಾತನ್ನು ದನಿ ನಡುಗಿಸಿ ಹೇಳಿದೆ. ಎರಡು ಸಲ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ ಮಣಿಕಟ್ಟು ತೋರಿಸಿ ತೋರಿಸಿ ಸನ್ನೆ ಮಾಡುತ್ತಿದ್ದಳು, ಬಳೆ ಕಳೆದಿದೆಯೇನೋ ಅಂದುಕೊಂಡೆ. ಪಕ್ಕದಲ್ಲಿ ಟೀಚರ್ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ತಲೆ ತಗ್ಗಿಸಿ ನಿಂತಿದ್ದರು. ಭಾವುಕರಾಗಿದ್ದಾರೆ ಎಂದು ತಿಳಿದು ಇನ್ನಷ್ಟು ಹೇಳಿದೆ. ಅಯ್ಯೋ ನನ್ನ ಬಾಯಿಗೆ ಬೀಗ ಹಾಕ!

ಅವರು ಶುರು ಮಾಡುವ ಹೊತ್ತಿಗೆ, ನಡುವೆ ಒಂದು ವೈರು ಗುಂಯ್ ಅಂದು ಅದನ್ನು ಸರಿಮಾಡಿ, ಆರೂ ಮುಕ್ಕಾಲು.

ಶುರುವಾಯಿತು. ಮೊದಲು ಏನೂ ಕೇಳಿಸಲಿಲ್ಲ, ನೆಲ ಮಾತ್ರ ಸ್ವಲ್ಪ ಬೇರೆ ಅನ್ನಿಸಿತು. ಆಮೇಲೆ ಸಾಬರ ಬೆರಳಿನಿಂದ ಒಂದೊಂದೇ ಪೆಟ್ಟು. ಮುಂದಿನ ಸಾಲಿನಲ್ಲಿ ಆ ತಂದೆಯ ಕೈ ಬಾಕ್ಸಿನ ಮೇಲೆ ಇತ್ತು. ಮೂರನೆಯ ನಿಮಿಷಕ್ಕೋ ನಾಲ್ಕನೆಯದಕ್ಕೋ ಅವರು ಮಗಳ ಕಡೆ ತಿರುಗಿ ನೋಡಿದರು. ಹತ್ತಾಗುವಾಗ ಇನ್ನೊಂದು ಕೈಯನ್ನೂ ಇಟ್ಟರು. ನಾನು ಆಗಲೂ ಗಡಿಯಾರ ನೋಡಿರಲಿಲ್ಲ. ಮ್ಯಾನೇಜರ್ ಬಾಗಿಲಲ್ಲಿ ಕಾಣಿಸಿಕೊಂಡಾಗ ನೋಡಿದೆ. ಅವರ ಹಿಂದೆ ಹೂವಿನ ಬುಟ್ಟಿ ಹೊತ್ತವರು, ಕುರ್ಚಿಗೆ ಕವರ್ ಹಾಕುವವರು, ಜರತಾರಿ ಸೀರೆಯ ಹೆಂಗಸರು ಸಾಲಾಗಿ ನಿಂತಿದ್ದರು. ನಾನು ಓಡಿಹೋಗಿ ಕೈ ಮುಗಿದೆ.

"ಎಂಟೇ ನಿಮಿಷ ಸರ್. ನಾಲ್ಕು ಕೊಟ್ರೂ ಸಾಕು."

"ನಿಮ್ಮ ಟೈಮ್ ಮುಗೀತಲ್ರಿ. ಅವ್ರು ಮುಹೂರ್ತ ಇಟ್ಕಂಡು ಬಂದಾರೆ. ನಾನೇನ್ ಮಾಡ್ಲಿ?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸ್ವಿಚ್ ಆರಿಸಿದರು. ಹದಿನಾಲ್ಕು ನಿಮಿಷವಾಗಿತ್ತು. ಆ ತಂದೆ ಇನ್ನೂ ಬಾಕ್ಸಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕಾಯುತ್ತಾ ಕೂತಿದ್ದರು. ನಿಂತಿತೋ, ಮುಂದಿನದು ಬರಲಿಕ್ಕಿದೆಯೋ ಅವರಿಗೆ ಗೊತ್ತಾಗಿರಲಿಲ್ಲ. ಟೀಚರ್ ಹೋಗಿ ಕೈ ಹಿಡಿದು ಎಬ್ಬಿಸಿದರು. ನನ್ನ ಕಡೆ ನೋಡಲಿಲ್ಲ. ಸಾಬರು ವೈರು ಸುತ್ತುತ್ತಾ, "ಟೆನ್ಷನ್ ತಗಾಬ್ಯಾಡ್ರಿ ಅಣ್ಣ, ಆಗೋದು ಹೋಗೋದು ಇದ್ದದ್ದೇ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬರುವಾಗ ಸ್ಕೂಟರ್ ಹಿಂದೆ ಹೆಂಡತಿ ಒಂದೇ ಮಾತು ಹೇಳಿದಳು. "ಪ್ರತಿ ಸಲ ಬಂದು ಮಂದೀನ ಬೈತಿದ್ರಲ್ಲ, ಇವತ್ ಯಾರ್ನ ಬೈತೀರಿ?"

ನಾನು ಯಾವ ಕಾರ್ಯಕ್ರಮಕ್ಕೆ ಹೋದರೂ ರೆಕಾರ್ಡ್ ಮಾಡುತ್ತೇನೆ. ಆವತ್ತಿನದೂ ಇತ್ತು. ಒಂದು ವಾರ ಮುಟ್ಟಲಿಲ್ಲ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನನ್ನ ಮಾತು ಇಪ್ಪತ್ತಾರು ನಿಮಿಷ, ಅಕ್ಷರ ಅಕ್ಷರ ಸ್ಪಷ್ಟ, ಕೆಮ್ಮು ಸಮೇತ. ಅವರ ಸಂಗೀತ ಆ ಸಣ್ಣ ರೆಕಾರ್ಡರಿಗೆ ಸಿಕ್ಕೇ ಇರಲಿಲ್ಲ. ಬರೀ ಕಿಟಕಿ ಅಲುಗಿದಂಥ ಒಂದು ಸದ್ದು. ನಾನು ಪೂರ್ತಿ ಇಪ್ಪತ್ತಾರು ನಿಮಿಷ ಕೂತು ಕೇಳಿದೆ. ಮಾಡಿದ್ದುಣ್ಣೋ ಮಾರಾಯ, ಇನ್ನೇನು. ಆವತ್ತಿನಿಂದ ಆ ಮೇಲಿನ ಕೋಣೆಗೆ ಹೋಗಲೂ ಬೇಜಾರು. ಕಚೇರಿಯಿಂದ ಬರುತ್ತಿದ್ದೆ, ಉಣ್ಣುತ್ತಿದ್ದೆ, ಮಲಗುತ್ತಿದ್ದೆ. ಬೆಂಗಳೂರಿನ ಮೂವರು ಹೊಸ ಹಾಡು ಬಿಟ್ಟಿದ್ದಾರೆಂದು ಮೊಬೈಲ್ ಹೇಳಿತು. ಕೇಳಲಿಲ್ಲ.

ತಿಂಗಳಾದ ಮೇಲೆ ಧೈರ್ಯ ಮಾಡಿ ಹರಿಹರಕ್ಕೆ ಹೋದೆ. ಟೀಚರ್ ಶಾಲೆಯಿಂದ ಬಂದಿರಲಿಲ್ಲ. ತಂದೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು, "ಬರ್ರಿ, ಕೂಡ್ರಿ" ಎಂದು ಗಟ್ಟಿಯಾಗಿ ಅಂದರು. ಪಕ್ಕದಲ್ಲಿದ್ದ ಸ್ಲೇಟು ಬಳಪ ನನ್ನ ಕಡೆ ಸರಿಸಿದರು. ಅದರಲ್ಲಿ ಮಗಳ ದುಂಡಕ್ಷರದಲ್ಲಿ "ಹಾಲು ಕಾಸಿಟ್ಟಿದ್ದೀನಿ" ಎಂದಿತ್ತು. ಅದನ್ನು ಅಂಗೈಯಲ್ಲಿ ಅಳಿಸಿದೆ. "ತಪ್ಪಾಯ್ತು" ಎಂದು ಬರೆದೆ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಏನ್ ತಪ್ಪ್ರಿ? ನೀವ್ ಏನ್ ಮಾತಾಡಿದ್ರೋ ನನಗೇನ್ ತಿಳೀತು? ಕೈ ಮಾತ್ರ ಭಾಳ ಚಲೋ ಆಡಿಸಿದ್ರಿ."

ನಗುತ್ತಲೇ ಹೇಳಿದರು. ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು.

ಮತ್ತೊಂದಿಷ್ಟು ಕಾಯಿ ಸುಲಿದು, ಅವರೇ ಮುಂದುವರಿಸಿದರು. "ನಿಮ್ಮ ಮಾತಿಗೆ ಆ ಡಬ್ಬಿ ಹಿಂಗೆ ಇರುವಿ ಹರದಂಗೆ ಆಗೋದು. ಮಗಳದು ಶುರುವಾದ್ಮ್ಯಾಗ ಬ್ಯಾರೆ ಆತು. ನಮ್ಮ ಹ್ಯಾಮರ್ ಶಾಪ್ ಬಾಗಿಲಿಗೆ ಹೋಗಿ ನಿಂತಂಗೆ ಆತು ನೋಡ್ರಿ. ಬಾಗಿಲ ತನಕ ಹೋಗಿತ್ತು, ಅಲ್ಲಿಗೇ ನಿಂತ್ಬಿಡ್ತು. ಮುಂದೆ ಏನೈತ್ರಿ ಅದ್ರಾಗೆ? ಇಕಿ ಕೇಳಿದ್ರೆ ಹೇಳವಲ್ಲಳು."

ನನ್ನ ಕೈಯಲ್ಲಿ ಬಳಪ ಇತ್ತು. ಎಲ್ಲ ಗೊತ್ತಿತ್ತು. ಸೈರನ್ ಎಂದು ಮೂರಕ್ಷರ ಬರೆದಿದ್ದರೆ ಮುಗಿಯುತ್ತಿತ್ತು, ಬರೆಯಲು ಕೈ ತುರಿಸುತ್ತಲೂ ಇತ್ತು. ಬರೆಯಲಿಲ್ಲ. ಸ್ಲೇಟನ್ನು ಕೆಳಗಿಟ್ಟು, ನಾನೂ ಅವರೆಕಾಯಿ ಸುಲಿಯುತ್ತಾ ಕೂತೆ. ಟೀಚರ್ ಬಂದಾಗ ಬುಟ್ಟಿ ಅರ್ಧ ಆಗಿತ್ತು.

ಅವರು ನನ್ನನ್ನೂ ಬುಟ್ಟಿಯನ್ನೂ ನೋಡಿದರು. ಒಳಗೆ ಹೋಗಿ ಚಹಾ ತಂದರು. "ಭಾನುವಾರ ಗೋಡೌನ್ ಖಾಲಿ ಐತಂತೆ ಸರ್" ಅಂದರು. ಬರ್ರಿ ಅಂತಲೂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಹೋದೆ.

ಬೆಳಿಗ್ಗೆ ಹನ್ನೊಂದು ಗಂಟೆ. ಗೋಡೌನ್ ಅಂದರೆ ತಗಡಿನ ಮಾಡಿನ ಉದ್ದನೆಯ ಕೋಣೆ, ರಸ್ತೆಗೆ ಒಂದು ಶಟರ್. ಒಳಗೆ ಸುತ್ತಿಟ್ಟ ಜಮಖಾನೆ, ಸೀರಿಯಲ್ ಲೈಟಿನ ಗಂಟು, ನಡುವೆ ಆ ನಾಲ್ಕು ಬಾಕ್ಸು. ತಂದೆ ಅದೇ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಟೀಚರ್ ಕೀಬೋರ್ಡಿನ ಒಂದು ಮನೆ ಒತ್ತಿ ನೋಡಿದರು. ಇಡೀ ಶಟರ್ ಗಡಗಡಗಡ ಎಂದು ಅದುರಿತು.

ಸಾಬರು ತಲೆ ಕೆರೆದುಕೊಂಡರು. "ಮ್ಯಾಲೆ ಎತ್ತಿಟ್ರೆ ರೋಡಿನ ಗದ್ದಲ ಎಲ್ಲಾ ಒಳಗೆ ಬರ್ತೈತಿ, ಲಾರಿ ಹೋದ್ರೆ ನೆಲ ನಡಗ್ತೈತಿ, ಈ ಬಾಬಾಗೆ ಕೈಗೆ ಗೊತ್ತಾಗಲ್ಲ. ಕೆಳಗೆ ಎಳದ್ರೆ ಹಿಂಗೆ ಕುಣೀತೈತಿ. ಒಳಗಿಂದ ಒತ್ತಿದ್ರೆ ನಿಲ್ಲಲ್ಲ, ಹೊರಕ್ಕೆ ಬಾಗ್ತೈತಿ. ಯಾರಾದ್ರೂ ಹೊರಗಿಂದ ಒತ್ತಿ ಹಿಡಕಂಡು ನಿಂದ್ರಬೇಕು."

ಹೊರಗೆ ನಿಂತವನಿಗೆ ಸಂಗೀತ ಕೇಳಿಸುವುದಿಲ್ಲ. ಸಾಬರು ಪ್ಯಾಡ್ ಬಿಟ್ಟು ಬರುವ ಹಾಗಿಲ್ಲ. ಮೂರು ವರ್ಷ ಅವರ ಹಿಂದೆ ತಿರುಗಿದವನು ನಾನು, ಆ ಇಪ್ಪತ್ತೆರಡು ನಿಮಿಷಕ್ಕಾಗಿ ಇಷ್ಟೆಲ್ಲ ಹಾಳು ಮಾಡಿದವನೂ ನಾನು. ಟೀಚರ್ ನನ್ನ ಕಡೆ ನೋಡಿದರು, ಆ ದಿನದ ನಂತರ ಮೊದಲ ಸಲ ನೆಟ್ಟಗೆ ನೋಡಿದರು.

"ಶುರು ಮಾಡೋ ಮೊದ್ಲು ಎರಡು ಮಾತೇನಾದ್ರೂ..." ಎಂದು ಸಾಬರು ಕಣ್ಣು ಮಿಟುಕಿಸಿದರು.

ನಾನು ಹೊರಗೆ ಹೋಗಿ ಶಟರ್ ಎಳೆದುಕೊಂಡೆ. ಬಿಸಿಲು ಏರಿತ್ತು, ತಗಡು ಕಾದಿತ್ತು. ಕರ್ಚೀಫು ಹಾಸಿ ಎರಡೂ ಅಂಗೈ ಇಟ್ಟು, ಸಾಲದೆಂದು ಭುಜವನ್ನೂ ಕೊಟ್ಟು ಒತ್ತಿ ನಿಂತೆ. ಬೆನ್ನ ಹಿಂದೆ ಬಸ್ಸು, ಟ್ರ್ಯಾಕ್ಟರ್, ತರಕಾರಿ ಗಾಡಿಯವನ ಕೂಗು. ಒಳಗಿನಿಂದ ಏನೂ ಕೇಳಿಸಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅಂಗೈಯಲ್ಲಿ ಏನೋ ಸರಿದಾಡಿತು. ಆಮೇಲೆ ಪೆಟ್ಟು, ಬಿಟ್ಟು ಬಿಟ್ಟು ಪೆಟ್ಟು. ಅದು ಯಾವಾಗ ಬದಲಾಯಿತು, ಯಾವುದರ ಮೇಲೆ ಯಾವುದು ಬಂತು ಎಂದು ಮೊದಮೊದಲು ತಿಳಿಯಲಿಲ್ಲ. ಹೋಗ್ತಾ ಹೋಗ್ತಾ ಕೈ ಪಳಗಿತು. ತೋಳು ಸೋತು ಹೋಗಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ತೆಗೆಯುವ ಹಾಗಿರಲಿಲ್ಲ.

ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ಯಜಮಾನರು ಕಾಲೂರಿ ನಿಂತರು. "ಏನ್ರಿ, ಒಳಗೆ ಏನ್ ನಡದೈತಿ?"

ನಾನು ಬಾಯಿ ತೆರೆದೆ. ಹೇಳಲು ಎಷ್ಟೊಂದಿತ್ತು. "ಏನಿಲ್ರಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು.

ಆಗ ಪೆಟ್ಟು ನಿಂತಿತು. ತಗಡಿನ ತಳದಿಂದ ಏನೋ ಏಳತೊಡಗಿತು. ಎಷ್ಟು ಮೆಲ್ಲಗೆ ಎಂದರೆ ಶುರುವಾದದ್ದೇ ಗೊತ್ತಾಗಲಿಲ್ಲ. ಮಣಿಕಟ್ಟಿಗೆ ಬಂತು, ಮೊಣಕೈಗೆ ಬಂತು, ಭುಜಕ್ಕೆ ಬಂತು, ಇನ್ನೂ ಏಳುತ್ತಲೇ ಇತ್ತು. ನಾನು ಇಡೀ ಮೈಭಾರ ಹಾಕಿ ಶಟರನ್ನು ಒತ್ತಿದೆ.

ಒಳಗಿನಿಂದ ಆ ತಂದೆಯ ದನಿ ಕೇಳಿಸಿತು. ಕಿವಿ ಇಲ್ಲದವರ ದನಿ, ರಸ್ತೆಯ ಆಚೆಗೂ ಕೇಳುವಷ್ಟು ಗಟ್ಟಿ.

"ಊಟದ್ದಲ್ಲವ್ವಾ ಇದು! ಬಿಡೋದು! ಬಂದೆ ನಾನು, ಮನೀಗೆ ಬಂದೆ!"